ಕೂದಲು ಉದುರುವಿಕೆ: ಔಷಧಿಯೇ, ಶಸ್ತ್ರಚಿಕಿತ್ಸೆಯೇ?

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಯಮಕನಮರಡಿಯಿಂದ ನಮ್ಮ ಓದುಗರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರ ಮಗನಿಗೆ ಇಪ್ಪತ್ತನಾಲ್ಕು ವರ್ಷ. ಎರಡು ವರ್ಷಗಳಿಂದ ಅವನ ಮುಂದಲೆಯ ಕೂದಲು ಹಿಂದೆ ಸರಿಯುತ್ತಿದೆ. ಎರಡು ಕಡೆ ಹೆಣ್ಣು ನೋಡಿ ಬಂದ ಮೇಲಂತೂ ಹುಡುಗ ಟೋಪಿಯಿಲ್ಲದೆ ಮನೆಯಿಂದ ಹೊರಗೆ ಕಾಲಿಡುತ್ತಿಲ್ಲ. ನಗರದ ಕ್ಲಿನಿಕ್ ಒಂದರಲ್ಲಿ "ಒಂದೇ ದಿನದಲ್ಲಿ ಮೂರು ಸಾವಿರ ಗ್ರಾಫ್ಟ್ ಕೂರಿಸಿ ಕೊಡುತ್ತೇವೆ, ಹಣವನ್ನು ತಿಂಗಳ ಕಂತಿನಲ್ಲಿ ಕಟ್ಟಿದರೆ ಸಾಕು" ಎಂದಿದ್ದಾರಂತೆ. ಕಬ್ಬಿನ ಬಿಲ್ಲು ಕೈಸೇರಿದ ಕೂಡಲೇ ಮುಂಗಡ ಕಟ್ಟಬೇಕೋ, ಬೇಡವೋ ಎಂಬುದು ತಂದೆಯ ಪ್ರಶ್ನೆ.

ಇದು ಆ ಒಂದು ಮನೆಯ ಪ್ರಶ್ನೆ ಮಾತ್ರವಲ್ಲ. ಮಂಗಳೂರಿನವರೇ ಆದ ರಾಜ್ ಬಿ. ಶೆಟ್ಟಿ 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಚಿತ್ರ ಮಾಡಿದಾಗ, ಮದುವೆಗೆ ಹೆಣ್ಣು ಸಿಗದ ಬೋಳುತಲೆಯ ಕನ್ನಡ ಉಪನ್ಯಾಸಕನನ್ನು ಕಂಡು ನಾವೆಲ್ಲ ನಕ್ಕೆವು. ಆದರೆ ವಿವಾಹಪೂರ್ವ ತರಬೇತಿ ಶಿಬಿರಗಳನ್ನು ನಡೆಸುವ ನಮ್ಮ ಕಾರ್ಯಕರ್ತರನ್ನು ಕೇಳಿ ನೋಡಿ. ಈ ಸಂಕಟ ನಗುವಷ್ಟು ಚಿಕ್ಕದಲ್ಲ. ಇದರಿಂದಾಗಿ ಯುವಕರು ಸಾಲ ಮಾಡುತ್ತಾರೆ, ಯುವತಿಯರು ಸ್ನಾನದ ಮನೆಯಲ್ಲಿ ಬಿದ್ದ ಕೂದಲನ್ನು ಲೆಕ್ಕ ಹಾಕುತ್ತಾ ಅಳುತ್ತಾರೆ. ಕೆಲವರು ಪ್ರಾಣವನ್ನೇ ಕಳೆದುಕೊಂಡಿದ್ದಾರೆ. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಏನು ಉದುರುತ್ತಿದೆ ಎಂದು ತಿಳಿಯಬೇಕು

ಔಷಧಿಯೋ ಶಸ್ತ್ರಚಿಕಿತ್ಸೆಯೋ ಎಂದು ಕೇಳುವ ಮುನ್ನ ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಇದು ಯಾವ ಬಗೆಯ ಉದುರುವಿಕೆ? 'ಕೂದಲು ಉದುರುವುದು' ಎಂಬುದು ಜ್ವರದಂತೆ ಒಂದು ಲಕ್ಷಣ ಮಾತ್ರ, ಕಾಯಿಲೆಯ ಹೆಸರಲ್ಲ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಬಿದ್ದುಹೋಗುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಹೀಗೆ ದಿನಕ್ಕೆ ಐವತ್ತರಿಂದ ನೂರು ಕೂದಲು ಬೀಳುವುದು ಸಹಜ. ಬಾಚಣಿಗೆಯಲ್ಲಿ ಇಷ್ಟು ಕಂಡರೆ ಯಾರೂ ಹೆದರಬೇಕಾಗಿಲ್ಲ.

ಟೈಫಾಯ್ಡ್, ಡೆಂಗಿ, ಕೋವಿಡ್‌ನಂತಹ ಜ್ವರ ಬಂದು ಹೋದ ಎರಡು ಮೂರು ತಿಂಗಳ ಬಳಿಕ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಹೆರಿಗೆಯ ನಂತರ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರ, ಅವಸರದಲ್ಲಿ ತೂಕ ಇಳಿಸಿಕೊಂಡ ನಂತರವೂ ಹೀಗಾಗುತ್ತದೆ. ದೇಹಕ್ಕೆ ಬಿದ್ದ ಪೆಟ್ಟಿನಿಂದ ಬಹಳಷ್ಟು ಕೂದಲುಗಳು ಒಮ್ಮೆಲೇ ವಿಶ್ರಾಂತಿಗೆ ಹೋಗಿ, ಒಟ್ಟಿಗೇ ಬೀಳುವುದರಿಂದ ಹೀಗೆ ಕಾಣುತ್ತದೆ. ಕಾರಣ ಕಳೆದಿದ್ದರೆ ಇದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಜ್ವರ ಬಂದದ್ದು ಜೂನ್‌ನಲ್ಲಿ, ಕೂದಲು ಉದುರಿದ್ದು ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಒಂದಕ್ಕೂ ಇನ್ನೊಂದಕ್ಕೂ ಇರುವ ನಂಟು ಮನೆಯವರಿಗೆ ಹೊಳೆಯುವುದಿಲ್ಲ, ಬೋರ್‌ವೆಲ್ ನೀರಿನ ಮೇಲೆ ದೂರು ಬರುತ್ತದೆ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಆದರೆ ತಲೆ ಬೋಳಾಗುವುದು ನೀರಿನಿಂದಲ್ಲ. ಹೆಲ್ಮೆಟ್ಟಿನಿಂದಲೂ ಅಲ್ಲ. ಈ ನೆಪ ಹೇಳಿ ಹೆಲ್ಮೆಟ್ ಬಿಟ್ಟು ಬೈಕ್ ಓಡಿಸುವ ಹುಡುಗರಿಗೆ ಇದನ್ನು ತಿಳಿಸಿ ಹೇಳಬೇಕು.

ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳಿಂದಲೂ ಕೂದಲು ತೆಳುವಾಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಇವೆರಡೂ ಸಾಮಾನ್ಯ. ಸರಳ ರಕ್ತಪರೀಕ್ಷೆಯಲ್ಲಿ ಇವು ಗೊತ್ತಾಗುತ್ತವೆ.

ಇನ್ನೊಂದು ಬಗೆಯಲ್ಲಿ ತಲೆಯಲ್ಲೋ ಗಡ್ಡದಲ್ಲೋ ರೂಪಾಯಿ ಅಗಲದ ಜಾಗ ನುಣ್ಣಗೆ ಬೋಳಾಗುತ್ತದೆ. ಹಳ್ಳಿಗಳಲ್ಲಿ ಇದಕ್ಕೆ 'ಹುಳ ತಿಂದಿದೆ' ಎನ್ನುತ್ತಾರೆ, ಗಡಿಭಾಗದ ಮರಾಠಿ ಮಾತಿನಲ್ಲಿ 'ಚಾಯಿ' ಎನ್ನುತ್ತಾರೆ, ಆಯುರ್ವೇದದಲ್ಲಿ ಇಂದ್ರಲುಪ್ತ. ಇಲ್ಲಿ ಯಾವ ಹುಳವೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಕೂದಲ ಬುಡದ ಮೇಲೆ ದಾಳಿ ಮಾಡುತ್ತದೆ. ಆ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದು ಹಳೆಯ ಹಾಗೂ ಇಂದಿಗೂ ನಡೆಯುವ ಚಿಕಿತ್ಸೆ. ತಲೆಯೆಲ್ಲ ಬೋಳಾಗುವಷ್ಟು ತೀವ್ರವಾದವರಿಗೆ ಬ್ಯಾರಿಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ನೀಡಿತು. ಈ ಕಾಯಿಲೆ ಚಟುವಟಿಕೆಯಲ್ಲಿರುವಾಗ ಕೂದಲು ಕಸಿ ಮಾಡಿಸುವುದು ಹಣ ಹೊಳೆಗೆ ಸುರಿದಂತೆ. ನೆಟ್ಟ ಕೂದಲನ್ನೂ ಅದು ಬಿಡುವುದಿಲ್ಲ.

ಶಾಲೆ, ಬೋರ್ಡಿಂಗ್ ನಡೆಸುವ ಧರ್ಮಭಗಿನಿಯರು ಇನ್ನೊಂದನ್ನು ಗಮನಿಸಬೇಕು. ಮಕ್ಕಳ ತಲೆಯಲ್ಲಿ ಹೊಟ್ಟೆದ್ದು, ತುರಿಕೆಯೊಂದಿಗೆ ಕೂದಲು ತುಂಡಾಗಿ ಉದುರಿದ್ದರೆ ಅದು ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು ಇರಬಹುದು. ಇದು ಒಬ್ಬರಿಂದ ಒಬ್ಬರಿಗೆ ಬಾಚಣಿಗೆ, ಟವೆಲ್ ಮೂಲಕ ಹರಡುತ್ತದೆ. ಮುಲಾಮು ಸಾಲದು, ವೈದ್ಯರು ಹೇಳಿದಷ್ಟು ವಾರ ಮಾತ್ರೆ ನುಂಗಿಸಬೇಕು. ತಡಮಾಡಿದರೆ ಕಲೆಯಾಗಿ ಆ ಜಾಗದಲ್ಲಿ ಮತ್ತೆ ಕೂದಲು ಬಾರದೆಯೂ ಹೋಗಬಹುದು.

ಕೊನೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು, ವಂಶವಾಹಿ ಬೋಳುತನ. ಗಂಡಸರಲ್ಲಿ ಹಣೆಯ ಎರಡೂ ಬದಿ ಹಿಂದೆ ಸರಿದು ನೆತ್ತಿ ಬಯಲಾಗುತ್ತದೆ. ಹೆಂಗಸರಲ್ಲಿ ಮುಂದಲೆ ಹಾಗೆಯೇ ಇದ್ದು ಬೈತಲೆ ಅಗಲವಾಗುತ್ತದೆ. ಡೈಹೈಡ್ರೋಟೆಸ್ಟೋಸ್ಟಿರೋನ್ ಎಂಬ ಹಾರ್ಮೋನಿಗೆ ನೆತ್ತಿಯ ಮತ್ತು ಮುಂದಲೆಯ ಕೂದಲ ಬುಡಗಳು ಹುಟ್ಟಿನಿಂದಲೇ ಸೋಲುತ್ತವೆ. ಪ್ರತಿ ಸುತ್ತಿನಲ್ಲೂ ಕೂದಲು ಇನ್ನಷ್ಟು ತೆಳುವಾಗಿ, ಗಿಡ್ಡವಾಗಿ, ಕೊನೆಗೆ ಕಣ್ಣಿಗೇ ಕಾಣದಂತಾಗುತ್ತದೆ. ತಲೆಯ ಹಿಂಭಾಗದ ಮತ್ತು ಕಿವಿಯ ಮೇಲಿನ ಕೂದಲಿಗೆ ಈ ದೌರ್ಬಲ್ಯವಿಲ್ಲ. ಅಜ್ಜಂದಿರ ತಲೆಯ ಸುತ್ತ ಒಂದು ಪಟ್ಟಿ ಉಳಿಯುವುದು ಇದೇ ಕಾರಣಕ್ಕೆ. ಈ ಪಟ್ಟಿಯನ್ನು ಓದುಗರು ನೆನಪಿನಲ್ಲಿಡಬೇಕು, ಶಸ್ತ್ರಚಿಕಿತ್ಸೆಯ ಸಂಪೂರ್ಣ ಆಧಾರ ಅದೇ.

ಕಾರಣ ತಿಳಿಯದೆ ಚಿಕಿತ್ಸೆಗೆ ಹೊರಡಬಾರದು ಎಂಬುದಕ್ಕೆ ನೆರೆಯ ಮಹಾರಾಷ್ಟ್ರದ್ದೇ ಒಂದು ಉದಾಹರಣೆ ಇದೆ. 2024ರ ಡಿಸೆಂಬರ್ ಕೊನೆಯಿಂದ 2025ರ ಜನವರಿಯವರೆಗೆ ಬುಲ್ಡಾಣಾ ಜಿಲ್ಲೆಯ ಶೇಗಾಂವ್ ಸುತ್ತಲಿನ ಹಳ್ಳಿಗಳಲ್ಲಿ ಮುನ್ನೂರರ ಹತ್ತಿರ ಹತ್ತಿರ ಜನರ ಕೂದಲು ಕೆಲವೇ ದಿನಗಳಲ್ಲಿ ಉದುರಿ ಬೋಳಾಯಿತು. ಮಕ್ಕಳು, ಹೆಂಗಸರೂ ಅದರಲ್ಲಿದ್ದರು. ಮೊದಲು ನೀರಿನ ಮೇಲೆ ಸಂಶಯ ಬಂತು, ಬಳಿಕ ಶಿಲೀಂಧ್ರದ ಮೇಲೆ. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಅಲ್ಲಿಗೆ ಹೋಗಿ ಪರೀಕ್ಷೆ ಮಾಡಿಸಿ, ಪಡಿತರ ಗೋಧಿಯಲ್ಲಿ ಸೆಲೆನಿಯಂ ಅಂಶ ವಿಪರೀತವಾಗಿದ್ದುದೇ ಕಾರಣವೆಂದು ಹೇಳಿದರು. ಅಂತಹ ಹಳ್ಳಿಗೆ ಎಣ್ಣೆಯೂ ಬೇಡ, ಕಸಿಯೂ ಬೇಡ. ಬೇಕಾದದ್ದು ಬೇರೆ ಗೋಧಿ.

ಔಷಧಿಗಳು ಏನು ಮಾಡುತ್ತವೆ

ವಂಶವಾಹಿ ಬೋಳುತನಕ್ಕೆ ನಿಜವಾಗಿ ಕೆಲಸ ಮಾಡುತ್ತವೆಂದು ಸಾಬೀತಾದ ಔಷಧಿಗಳು ಮುಖ್ಯವಾಗಿ ಎರಡೇ.

ಒಂದು, ಮಿನಾಕ್ಸಿಡಿಲ್. ಇದು ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆಯತೊಡಗಿದಾಗ ಇದನ್ನು ತಲೆಗೆ ಹಚ್ಚಿದರೆ ಹೇಗೆ ಎಂಬ ಯೋಚನೆ ಬಂತು. 1988ರಲ್ಲಿ ಅಮೆರಿಕದಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಹಚ್ಚುವ ದ್ರಾವಣವಾಗಿ ಒಪ್ಪಿಗೆ ದೊರೆಯಿತು. ಒಣಗಿದ ನೆತ್ತಿಗೆ ದಿನವೂ ಹಚ್ಚಬೇಕು. ಆರಂಭದ ಕೆಲವು ವಾರ ಕೂದಲು ಇನ್ನೂ ಹೆಚ್ಚು ಉದುರುತ್ತದೆ. ಹಳೆಯ ತೆಳು ಕೂದಲು ಜಾಗ ಬಿಟ್ಟುಕೊಡುವ ಲಕ್ಷಣವದು. ಬಹಳ ಮಂದಿ ಹೆದರಿ ಬಿಟ್ಟುಬಿಡುವುದು ಆಗಲೇ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಗಳಿಸಿದ್ದೆಲ್ಲ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಹಚ್ಚಿದ ಮೇಲೆ ಕೈ ತೊಳೆಯಬೇಕು, ಒದ್ದೆ ತಲೆಯನ್ನು ಹಸುಗೂಸಿನ ಕೆನ್ನೆಗೆ ತಾಗಿಸಬಾರದು. ಮಗುವಿನ ಮೈಮೇಲೆ ಕೂದಲು ಬೆಳೆದ ಪ್ರಕರಣಗಳು ವರದಿಯಾಗಿವೆ. ಮನೆಯಲ್ಲಿ ಬೆಕ್ಕು ಇದ್ದರಂತೂ ಇನ್ನಷ್ಟು ಎಚ್ಚರ, ಬೆಕ್ಕಿಗೆ ಇದು ವಿಷ. ಇತ್ತೀಚೆಗೆ ಚರ್ಮವೈದ್ಯರು ಇದನ್ನು ಅತಿ ಕಡಿಮೆ ಪ್ರಮಾಣದ ಮಾತ್ರೆಯಾಗಿಯೂ ಬರೆದುಕೊಡುತ್ತಾರೆ. ಹೃದಯದ ತೊಂದರೆಯಿರುವವರು ಅದನ್ನು ಸ್ವಂತ ಬುದ್ಧಿಯಿಂದ ಮುಟ್ಟಬಾರದು.

ಎರಡನೆಯದು ಫಿನಾಸ್ಟೆರೈಡ್, ದಿನಕ್ಕೆ ಒಂದು ಮಿಲಿಗ್ರಾಂ ಮಾತ್ರೆ. ಹಿಂದೆ ಹೇಳಿದ ಹಾರ್ಮೋನ್ ತಯಾರಾಗುವುದನ್ನೇ ಇದು ತಗ್ಗಿಸುತ್ತದೆ. 1998ರಲ್ಲಿ ಪ್ರಕಟವಾದ, 1,553 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ವರ್ಷಗಳ ಬಳಿಕ ಮಾತ್ರೆ ನುಂಗಿದವರಲ್ಲಿ ಶೇಕಡಾ 83 ಮಂದಿ ತಮ್ಮ ನೆತ್ತಿಯ ಕೂದಲಿನ ಸಂಖ್ಯೆಯನ್ನು ಉಳಿಸಿಕೊಂಡಿದ್ದರು. ಸಕ್ಕರೆ ಮಾತ್ರೆ ನುಂಗಿದವರಲ್ಲಿ ಹಾಗೆ ಉಳಿಸಿಕೊಂಡವರು ಶೇಕಡಾ 28. ಇದು ದೊಡ್ಡ ವ್ಯತ್ಯಾಸವೇ. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಲೈಂಗಿಕ ಆಸಕ್ತಿ ಕುಗ್ಗುವಂತಹ ತೊಂದರೆಗಳಾಗುತ್ತವೆ. ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ಅದು ಉಳಿದ ದೂರುಗಳಿವೆ. ಆತ್ಮಹತ್ಯೆಯ ಆಲೋಚನೆ ಬರುವುದೂ ಇದರ ಅಡ್ಡಪರಿಣಾಮಗಳಲ್ಲಿ ಒಂದೆಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿತು. ಮೊದಲೇ ಖಿನ್ನತೆಯಲ್ಲಿರುವ ಹುಡುಗನಿಗೆ ಇದನ್ನು ಮೆಡಿಕಲ್ ಶಾಪಿನಿಂದ ನೇರವಾಗಿ ತಂದುಕೊಡಬಾರದು ಎನ್ನುವುದು ಇದಕ್ಕಾಗಿಯೇ. ಗರ್ಭಿಣಿಯರು ಪುಡಿಯಾದ ಅಥವಾ ಮುರಿದ ಮಾತ್ರೆಯನ್ನು ಕೈಯಿಂದಲೂ ಮುಟ್ಟಬಾರದು, ಗರ್ಭದಲ್ಲಿರುವ ಗಂಡುಮಗುವಿನ ಬೆಳವಣಿಗೆಗೆ ತೊಂದರೆ. ಹಿರಿಯರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಮಾಡುವ ಪಿ.ಎಸ್.ಎ. ರಕ್ತಪರೀಕ್ಷೆಯ ಅಂಕಿಯನ್ನು ಇದು ಅರ್ಧಕ್ಕೆ ಇಳಿಸುವುದರಿಂದ ವೈದ್ಯರಿಗೆ ಹೇಳಲೇಬೇಕು. ರಕ್ತದಾನ ಶಿಬಿರ ನಡೆಸುವ ನಮ್ಮ ಯುವಸಂಘಟನೆಗಳಿಗೂ ಒಂದು ಸೂಚನೆ: ಕೊನೆಯ ಮಾತ್ರೆ ನುಂಗಿ ಒಂದು ತಿಂಗಳು ಕಳೆಯುವ ತನಕ ಇದನ್ನು ಸೇವಿಸುವವರು ರಕ್ತ ಕೊಡುವಂತಿಲ್ಲ, ಆ ರಕ್ತ ಗರ್ಭಿಣಿಯೊಬ್ಬಳಿಗೆ ಹೋಗಬಹುದು.

ಈ ಎರಡೂ ಔಷಧಿಗಳ ಖರ್ಚು ತಿಂಗಳಿಗೆ ಕೆಲವು ನೂರು ರೂಪಾಯಿ. ಆದರೆ ಬಿಪಿ ಮಾತ್ರೆಯಂತೆ ವರ್ಷಾನುಗಟ್ಟಲೆ ನಡೆಯಬೇಕು. ಉಳಿದಿರುವುದನ್ನು ಕಾಯುವುದರಲ್ಲಿ ಇವು ಗಟ್ಟಿ. ಪೂರ್ತಿ ನುಣ್ಣಗಾದ ಜಾಗದಲ್ಲಿ ಕೂದಲು ತರುವ ಶಕ್ತಿ ಇವಕ್ಕಿಲ್ಲ.

ಸ್ವಂತ ರಕ್ತ ತೆಗೆದು, ಗಿರಗಿರನೆ ತಿರುಗಿಸಿ, ಅದರ ಒಂದು ಭಾಗವನ್ನು ತಲೆಗೆ ಚುಚ್ಚುವ ಪಿ.ಆರ್.ಪಿ. ಎಂಬ ಚಿಕಿತ್ಸೆ ಈಗ ಎಲ್ಲ ಕಡೆ ನಡೆಯುತ್ತಿದೆ. ಕೆಲವರಿಗೆ ಸ್ವಲ್ಪ ಪ್ರಯೋಜನವಾಗುತ್ತದೆ. ಆದರೆ ಒಂದೊಂದು ಕ್ಲಿನಿಕ್ಕಿನದು ಒಂದೊಂದು ವಿಧಾನ, ಪ್ರತಿ ಸಲಕ್ಕೂ ಸಾವಿರಾರು ರೂಪಾಯಿ. ಔಷಧಿಯ ಜೊತೆಗೆ ಬೇಕಿದ್ದರೆ ಸರಿ, ಔಷಧಿಯ ಬದಲಿಗೆ ಬೇಡ. ಬಯೋಟಿನ್ ಮಾತ್ರೆಯ ಬಗ್ಗೆ ಒಂದೇ ಮಾತು: ಕೊರತೆಯಿಲ್ಲದವರಿಗೆ ಅದರಿಂದ ಕೂದಲು ಬೆಳೆಯುವುದಿಲ್ಲ, ಅಷ್ಟೇ ಅಲ್ಲ, ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳ ಫಲಿತಾಂಶವನ್ನು ಅದು ತಪ್ಪಾಗಿ ತೋರಿಸಬಲ್ಲದು.

ಎಣ್ಣೆಗಳ ವಿಷಯ ಬಂದಾಗ ನಮ್ಮ ಜನರಿಗೆ ಬೇಸರವಾಗಬಹುದು. ತೆಂಗಿನೆಣ್ಣೆ, ಗರುಗದ ಎಣ್ಣೆ ಕೂದಲನ್ನು ನಯಗೊಳಿಸುತ್ತವೆ, ತುಂಡಾಗುವುದನ್ನು ತಡೆಯುತ್ತವೆ. ಹಚ್ಚಿಕೊಳ್ಳಲಿ, ಅಜ್ಜಿಯ ಕೈಯ ಎಣ್ಣೆಗೆ ನಮ್ಮ ವಿರೋಧವಿಲ್ಲ. ಸತ್ತ ಬುಡವನ್ನು ಎಬ್ಬಿಸುವುದು ಮಾತ್ರ ಎಣ್ಣೆಯಿಂದಾಗದು. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ 'ಆದಿವಾಸಿ ಎಣ್ಣೆ' ಕೆಲವು ವರ್ಷಗಳ ಹಿಂದೆ ಯೂಟ್ಯೂಬ್ ಮೂಲಕ ದೇಶವೆಲ್ಲ ಹರಡಿತು. ಆ ಜನರ ಉದ್ದ ಕೂದಲು ನಿಜ, ಅವರಿಗೆ ಒಂದು ಜೀವನೋಪಾಯ ದೊರೆತದ್ದೂ ಸಂತೋಷವೇ. ಆದರೆ ಒಂದು ಸಮುದಾಯದ ಕೂದಲು ಇನ್ನೊಬ್ಬರ ಬಾಟಲಿಯಲ್ಲಿ ಬರುವುದಿಲ್ಲ. ನಮ್ಮ ದೇಶದ 1945ರ ಔಷಧ ನಿಯಮಗಳ 'ಜೆ' ಅನುಸೂಚಿಯಲ್ಲಿ ಬೋಳುತನವೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಇವನ್ನು ಗುಣಪಡಿಸುತ್ತೇವೆಂದು ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ. 2021ರ ಆರಂಭದಲ್ಲಿ ಕೇರಳದ ತ್ರಿಶೂರ್ ಜಿಲ್ಲಾ ಗ್ರಾಹಕರ ವೇದಿಕೆಯು ಕೂದಲಿನ ಕ್ರೀಮ್ ಒಂದರ ಕಂಪನಿಗೂ, ತಾನು ಬಳಸದೆಯೇ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡ ನಟನಿಗೂ ತಲಾ ಹತ್ತು ಸಾವಿರ ರೂಪಾಯಿ ದಂಡ ಹಾಕಿತು. ಮೊತ್ತ ಚಿಕ್ಕದು. ಆದರೂ ಒಬ್ಬ ಸಾಮಾನ್ಯ ಗ್ರಾಹಕ ಹಟ ಹಿಡಿದು ಗೆದ್ದ.

ಶಸ್ತ್ರಚಿಕಿತ್ಸೆ: ಹೊಸ ಕೂದಲಲ್ಲ, ಸ್ಥಳಾಂತರ

ಕೂದಲು ಕಸಿಯ ತತ್ವ ರೈತರಿಗೆ ತಕ್ಷಣ ಅರ್ಥವಾಗುವಂಥದ್ದು. ಮಡಿಯಿಂದ ಸಸಿ ಕಿತ್ತು ಗದ್ದೆಯಲ್ಲಿ ನಾಟಿ ಮಾಡಿದಂತೆ, ಹಿಂದಲೆಯ ಆ ಗಟ್ಟಿ ಪಟ್ಟಿಯಿಂದ ಬುಡಸಹಿತ ಕೂದಲು ತೆಗೆದು ಮುಂದೆ ನೆಡುವುದು. ನೆಟ್ಟ ಕೂದಲು ಹೊಸ ಜಾಗದಲ್ಲಿಯೂ ತನ್ನ ಹಳೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂಬುದನ್ನು ನ್ಯೂಯಾರ್ಕಿನ ಡಾ. ನಾರ್ಮನ್ ಒರೆಂಟ್ರೈಕ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೊದಲೇ, 1939ರಲ್ಲಿ, ಜಪಾನಿನ ಡಾ. ಒಕುಡಾ ಇಂತಹ ಕಸಿಯ ಬಗ್ಗೆ ಬರೆದಿದ್ದರು. ಯುದ್ಧಕಾಲದಲ್ಲಿ ಅದು ಹೊರಜಗತ್ತಿಗೆ ತಲುಪಲಿಲ್ಲ.

ಈಗ ಎರಡು ವಿಧಾನಗಳಿವೆ. ಎಫ್.ಯು.ಟಿ. ಎಂಬುದರಲ್ಲಿ ಹಿಂದಲೆಯ ಚರ್ಮದ ಒಂದು ಪಟ್ಟಿಯನ್ನೇ ಕತ್ತರಿಸಿ ತೆಗೆದು ಹೊಲಿಗೆ ಹಾಕುತ್ತಾರೆ. ಗೆರೆಯಂತಹ ಕಲೆ ಉಳಿಯುತ್ತದೆ, ಕೂದಲು ಬಿಟ್ಟರೆ ಮುಚ್ಚಿಹೋಗುತ್ತದೆ. ಎಫ್.ಯು.ಇ. ವಿಧಾನದಲ್ಲಿ ಒಂದು ಮಿಲಿಮೀಟರಿನ ಆಸುಪಾಸಿನ ಕೊಳವೆಯಿಂದ ಒಂದೊಂದೇ ಬುಡವನ್ನು ಕೊರೆದು ತೆಗೆಯುತ್ತಾರೆ. ಹೊಲಿಗೆಯಿಲ್ಲ, ಚುಕ್ಕೆಗಳಂತಹ ಕಲೆಗಳು ಉಳಿಯುತ್ತವೆ. ಹೀಗೆ ತೆಗೆದ ಒಂದು ಗ್ರಾಫ್ಟಿನಲ್ಲಿ ಒಂದರಿಂದ ನಾಲ್ಕು ಕೂದಲು ಇರುತ್ತವೆ. ಕೆಲವು ಜಾಹೀರಾತುಗಳು ಗ್ರಾಫ್ಟ್ ಲೆಕ್ಕ ಹೇಳದೆ ಕೂದಲಿನ ಲೆಕ್ಕ ಹೇಳಿ ಅಂಕಿಯನ್ನು ದೊಡ್ಡದು ಮಾಡುತ್ತವೆ. ಕೇಳುವಾಗ ಗ್ರಾಫ್ಟ್ ಎಷ್ಟು ಎಂದೇ ಕೇಳಬೇಕು.

ತಲೆಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಎಚ್ಚರದಲ್ಲಿರುವಾಗಲೇ ಆರರಿಂದ ಹತ್ತು ಗಂಟೆ ಈ ಕೆಲಸ ನಡೆಯುತ್ತದೆ. ನೆಟ್ಟ ಕೂದಲು ಮೂರು ನಾಲ್ಕು ವಾರದಲ್ಲಿ ಬಹುತೇಕ ಉದುರಿಹೋಗುತ್ತದೆ. ಗಾಬರಿ ಬೇಡ, ಬುಡ ಒಳಗೆ ಇರುತ್ತದೆ. ಮೂರು ನಾಲ್ಕು ತಿಂಗಳ ನಂತರ ಮೊಳೆಯತೊಡಗಿ, ಪೂರ್ಣ ಫಲ ಕಾಣಲು ಒಂದು ವರ್ಷ ಬೇಕು. "ಮದುವೆಗೆ ಒಂದು ತಿಂಗಳಿದೆ, ಅಷ್ಟರಲ್ಲಿ ಆಗಬೇಕು" ಎಂದು ಹೋಗುವವರು ಮದುವೆಯ ಫೋಟೋದಲ್ಲಿ ಮೊದಲಿಗಿಂತಲೂ ಕಳೆಗುಂದಿ ಕಾಣುತ್ತಾರೆ.

ಇನ್ನು ಮುಖ್ಯ ವಿಷಯ. ಹಿಂದಲೆಯ ಮಡಿಯಲ್ಲಿರುವ ಸಸಿಗಳಿಗೆ ಮಿತಿಯಿದೆ. ಜೀವಮಾನದಲ್ಲಿ ಸುರಕ್ಷಿತವಾಗಿ ತೆಗೆಯಬಹುದಾದದ್ದು ಸಾಮಾನ್ಯವಾಗಿ ಐದಾರು ಸಾವಿರ ಗ್ರಾಫ್ಟುಗಳು ಮಾತ್ರ. ಅತಿಯಾಗಿ ಕಿತ್ತರೆ ಹಿಂದಲೆ ಮಿಡತೆ ತಿಂದ ಹೊಲದಂತಾಗುತ್ತದೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೂರು ಸಾವಿರವನ್ನು ಮುಂದಲೆಗೆ ಬಳಸಿದ ಹುಡುಗನ ಬೋಳುತನ ಅಲ್ಲಿಗೆ ನಿಲ್ಲುವುದಿಲ್ಲ. ಅವನ ಸ್ವಂತ ಕೂದಲು ಹಿಂದೆ ಸರಿಯುತ್ತಲೇ ಇರುತ್ತದೆ. ಮೂವತ್ತೈದರ ಹೊತ್ತಿಗೆ ಮುಂದೆ ನೆಟ್ಟ ದಟ್ಟ ಸಾಲು, ಅದರ ಹಿಂದೆ ಬಯಲು, ಮತ್ತೆ ಹಿಂದೆ ಪಟ್ಟಿ. ಆಗ ನೆತ್ತಿಗೆ ನೆಡಲು ಮಡಿಯಲ್ಲಿ ಸಸಿಯೇ ಉಳಿದಿರುವುದಿಲ್ಲ. ಇಪ್ಪತ್ತೈದರ ಒಳಗಿನವರಿಗೆ ಒಳ್ಳೆಯ ಸರ್ಜನ್‌ಗಳು ಕಸಿ ಮಾಡಲು ಹಿಂಜರಿಯುವುದು ಈ ಲೆಕ್ಕದಿಂದ. ಕಸಿ ಮಾಡಿಸಿದವರೂ ಉಳಿದ ಕೂದಲನ್ನು ಕಾಯಲು ಔಷಧಿ ಮುಂದುವರಿಸಬೇಕು. ಅಂದರೆ ಶಸ್ತ್ರಚಿಕಿತ್ಸೆ ಔಷಧಿಗೆ ಬದಲಿಯಲ್ಲ, ಅದರ ಮೇಲೆ ಕಟ್ಟುವ ಮಹಡಿ.

ಯಾರ ಕೈಯಲ್ಲಿ?

2016ರಲ್ಲಿ ಚೆನ್ನೈಯಲ್ಲಿ ಒಬ್ಬ ವೈದ್ಯಕೀಯ ವಿದ್ಯಾರ್ಥಿಯೇ ಕೂದಲು ಕಸಿಯ ನಂತರ ಸಾವನ್ನಪ್ಪಿದ. 2019ರಲ್ಲಿ ಮುಂಬಯಿಯ ಒಬ್ಬ ಉದ್ಯಮಿ, ಒಂದೇ ಸಲಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು ಗ್ರಾಫ್ಟ್ ಹಾಕಿಸಿಕೊಂಡ ಬಳಿಕ. 2025ರಲ್ಲಿ ಕಾನ್ಪುರದಲ್ಲಿ ಇಬ್ಬರು ಎಂಜಿನಿಯರುಗಳ ಸಾವು ಬೆಳಕಿಗೆ ಬಂದಿತು, ಕಸಿ ಮಾಡಿದ್ದು ದಂತವೈದ್ಯರೊಬ್ಬರೆಂಬ ಆರೋಪದ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಅರಿವಳಿಕೆಯ ಪ್ರಮಾಣ ಮೀರುವುದು, ಔಷಧಕ್ಕೆ ಅಲರ್ಜಿ, ಸೋಂಕು ರಕ್ತಕ್ಕೆ ಹರಡುವುದು, ಇವೆಲ್ಲ ಅಪರೂಪ. ಆದರೆ ಸಂಭವಿಸಿದ ಹೊತ್ತಿನಲ್ಲಿ ಆಮ್ಲಜನಕವಾಗಲಿ, ಅದನ್ನು ನಿಭಾಯಿಸಬಲ್ಲ ವೈದ್ಯರಾಗಲಿ ಇಲ್ಲದಿದ್ದರೆ ಉಳಿಯುವ ದಾರಿಯಿಲ್ಲ.

ದೆಹಲಿಯಲ್ಲಿ ನಡೆದ ಇಂತಹದೇ ಸಾವೊಂದು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ನಂತರ, ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಕ್ರಮಬದ್ಧ ಸ್ನಾತಕೋತ್ತರ ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕು, ಕಾರ್ಯಾಗಾರಕ್ಕೆ ಹೋಗಿ ಬಂದದ್ದು ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗದು ಎಂಬುದು ಅದರ ಸಾರ. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಿ ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಕೆ.ಪಿ.ಎಂ.ಇ. ಎಂಬ ಅಕ್ಷರಗಳನ್ನು ಗೋಡೆಯ ಮೇಲೆ ಹುಡುಕಿ. ವೈದ್ಯರ ಹೆಸರನ್ನು ಕೇಳಿ, ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಮರಗಟ್ಟಿಸುವುದು, ಕೊರೆಯುವುದು ಅವರೇ ಮಾಡುತ್ತಾರೋ, ಸಹಾಯಕರಿಗೆ ಬಿಟ್ಟು ಇನ್ನೊಂದು ಊರಿಗೆ ಹೋಗುತ್ತಾರೋ ಎಂದೂ ಕೇಳಬೇಕು. ಹೀಗೆ ಕೇಳಿದ್ದಕ್ಕೆ ಸಿಟ್ಟಾಗುವ ಕಡೆ ಚಪ್ಪಲಿ ಹಾಕಿಕೊಂಡು ಹೊರಬರುವುದೇ ಒಳ್ಳೆಯದು. ಕೌನ್ಸೆಲರ್ ಎಂದು ಎದುರಿಗೆ ಕೂರುವವರು ಹೆಚ್ಚಾಗಿ ವೈದ್ಯರಲ್ಲ, ಮಾರಾಟದವರು. "ಇವತ್ತೇ ಕಟ್ಟಿದರೆ ರಿಯಾಯಿತಿ" ಎಂಬ ಮಾತು ಆಸ್ಪತ್ರೆಯದ್ದಲ್ಲ, ಬಟ್ಟೆ ಅಂಗಡಿಯದ್ದು.

ಖರ್ಚು ನಗರಗಳಲ್ಲಿ ಐವತ್ತು ಸಾವಿರದಿಂದ ಎರಡು ಲಕ್ಷದವರೆಗೂ ಹೋಗುತ್ತದೆ. ಸೌಂದರ್ಯಕ್ಕಾಗಿ ಮಾಡಿಸುವುದಾದ್ದರಿಂದ ಆರೋಗ್ಯ ವಿಮೆಯಿಂದ ಹಣ ಬರುವುದಿಲ್ಲ. 2017ರ ಜಿ.ಎಸ್.ಟಿ. ನಿಯಮದಲ್ಲಿ ವೈದ್ಯಕೀಯ ಸೇವೆಗಿರುವ ವಿನಾಯಿತಿಯಿಂದ ಕೂದಲು ಕಸಿಯನ್ನು ಹೆಸರು ಹಿಡಿದೇ ಹೊರಗಿಟ್ಟಿದ್ದಾರೆ, ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದು ವಿಚಾರಿಸಬೇಕು. ಸುಟ್ಟಗಾಯ, ಅಪಘಾತದ ಕಲೆಗೆ ಮಾಡಿಸುವವರ ಲೆಕ್ಕ ಬೇರೆ.

ಈಗ ಯಮಕನಮರಡಿಯ ತಂದೆಗೆ ನಮ್ಮ ಉತ್ತರ. ಮುಂಗಡ ಕಟ್ಟಬೇಡಿ. ನಿಮ್ಮೂರಿಂದ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿಯಲ್ಲಿ ಬೆಳಗಾವಿ ಇದೆ. ಅಲ್ಲಿನ ಸರಕಾರಿ ಬಿಮ್ಸ್ ಆಸ್ಪತ್ರೆಯಲ್ಲಿ, ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗಗಳಿವೆ. ಕರಾವಳಿಯ ಓದುಗರಿಗಾದರೆ ಮಂಗಳೂರಿನಲ್ಲಿ ವೆನ್‌ಲಾಕ್, ಫಾದರ್ ಮುಲ್ಲರ್ ಮುಂತಾದವು. ಮೊದಲು ಒಂದು ಹೊರರೋಗಿ ಚೀಟಿ ಮಾಡಿಸಿ ಚರ್ಮವೈದ್ಯರಿಗೆ ತೋರಿಸಿ. ವಂಶವಾಹಿ ಬೋಳುತನವೇ ಹೌದೆಂದು ಖಚಿತವಾದರೆ ಒಂದು ವರ್ಷ ಔಷಧಿ ನಡೆಯಲಿ. ಆರಂಭದಲ್ಲಿ ಒಂದು ಫೋಟೋ, ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅದೇ ಬೆಳಕಿನಲ್ಲಿ ಇನ್ನೊಂದು. ಕನ್ನಡಿ ಸುಳ್ಳು ಹೇಳುತ್ತದೆ, ಫೋಟೋ ಹೇಳುವುದಿಲ್ಲ. ಉದುರುವುದು ನಿಂತು ಎರಡು ಮೂರು ವರ್ಷ ಹಾಗೆಯೇ ಉಳಿದರೆ, ಆಗಲೂ ಹುಡುಗನಿಗೆ ಮನಸ್ಸಿದ್ದರೆ, ಕಸಿಯ ಮಾತು ತೆಗೆಯಬಹುದು. ಟೋಪಿಯಿಲ್ಲದೆ ಹೊರಗೆ ಹೋಗಲಾರ ಎಂದು ಬರೆದಿದ್ದೀರಿ. ಅದನ್ನೂ ಆ ವೈದ್ಯರ ಮುಂದೆ ಹೇಳಿ, ಯಾವ ಔಷಧಿ ಕೊಡಬೇಕೆಂಬುದು ಅದರ ಮೇಲೂ ಅವಲಂಬಿಸಿದೆ. ಹೆಣ್ಣು ನೋಡುವ ಕಾರ್ಯಕ್ರಮಗಳನ್ನು ಕೆಲವು ತಿಂಗಳು ಮುಂದೂಡಿದರೆ ನಷ್ಟವೇನಿಲ್ಲ.

ಹೆಂಗಸರಿಗೆ, ಕ್ಯಾನ್ಸರ್ ಪೀಡಿತರಿಗೆ

ಹೆಂಗಸರಲ್ಲಿ ಕೂದಲು ಸಾಮಾನ್ಯವಾಗಿ ತಲೆಯೆಲ್ಲ ತೆಳುವಾಗುವುದರಿಂದ ಹಿಂದಲೆಯ ಮಡಿಯೂ ಬಡವಾಗಿರುತ್ತದೆ. ಹಾಗಾಗಿ ಕಸಿಗೆ ತಕ್ಕವರು ಕಡಿಮೆ. ಮೊದಲು ರಕ್ತಹೀನತೆ, ಥೈರಾಯ್ಡ್ ನೋಡಿಸಿ, ಬಳಿಕ ಮಿನಾಕ್ಸಿಡಿಲ್. ವರ್ಷಗಟ್ಟಲೆ ಬಿಗಿಯಾಗಿ ಹಿಂದಕ್ಕೆಳೆದು ಜಡೆ, ತುರುಬು ಕಟ್ಟುವವರಿಗೆ ಹಣೆಯಂಚಿನ ಕೂದಲು ಹೋಗುತ್ತದೆ. ಇದು ಎಳೆತದಿಂದ ಆಗುವ ಹಾನಿ. ಬೇಗ ಸಡಿಲ ಮಾಡಿದರೆ ಮರಳಿ ಬರುತ್ತದೆ, ತಡವಾದರೆ ಬರುವುದಿಲ್ಲ.

ವಿಗ್ ಎಂದರೆ ಮೂಗು ಮುರಿಯುವವರಿದ್ದಾರೆ. ಶಸ್ತ್ರಚಿಕಿತ್ಸೆಯೂ ಒಗ್ಗದ, ಔಷಧಿಯೂ ಫಲಿಸದ ಅನೇಕರಿಗೆ ಅದೇ ಸರಿಯಾದ ಉ‌ತ್ತರ. ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರದಲ್ಲಿ ಮನುಷ್ಯರ ಕೂದಲನ್ನು ಬಿಡಿಸಿ, ತೊಳೆದು, ಅಳತೆಗೆ ತಕ್ಕಂತೆ ಜೋಡಿಸಿ ಹೊರದೇಶಗಳಿಗೆ ಕಳುಹಿಸುವುದೇ ಎಷ್ಟೋ ಮನೆಗಳ ಕಸುಬು. ಪ್ರಪಂಚದ ಯಾವುದೋ ತಲೆಯ ಮೇಲಿರುವ ವಿಗ್ಗಿಗೆ ನಮ್ಮ ರಾಜ್ಯದ ಹೆಂಗಸರ ಬೆರಳು ತಾಗಿದೆ.

ಕ್ಯಾನ್ಸರಿನ ಕೀಮೋಥೆರಪಿಯಿಂದ ಉದುರುವ ಕೂದಲಿನ ವಿಷಯ ಇವೆಲ್ಲಕ್ಕಿಂತ ಬೇರೆ. ಚಿಕಿತ್ಸೆ ಆರಂಭವಾದ ಎರಡು ಮೂರು ವಾರಗಳಲ್ಲಿ ಅದು ಉದುರುತ್ತದೆ, ಕೊನೆಯ ಡೋಸಿನ ನಂತರ ಒಂದರಿಂದ ಮೂರು ತಿಂಗಳಲ್ಲಿ ಹೆಚ್ಚಿನವರಿಗೆ ಮರಳಿ ಬರತೊಡಗುತ್ತದೆ. ರೋಗಿಗಳನ್ನು ಭೇಟಿ ಮಾಡಲು ಹೋಗುವ ನಮ್ಮ ಕಾರ್ಯಕರ್ತರು ಅಂತಹವರಿಗೆ ಎಣ್ಣೆ, ಪುಡಿ ಶಿಫಾರಸು ಮಾಡಬಾರದು, ಆ ಹೊತ್ತಿನಲ್ಲಿ ಅವರ ಚರ್ಮ ಬಹಳ ಸೂಕ್ಷ್ಮವಾಗಿರುತ್ತದೆ. ವಿಗ್ ಬೇಕೆಂದಿದ್ದರೆ ಕೂದಲು ಉದುರುವ ಮೊದಲೇ ಅಳತೆ ಕೊಟ್ಟು ಬಣ್ಣ ಹೊಂದಿಸಿಕೊಳ್ಳುವುದು ಸುಲಭ. ಹೊಸದಾಗಿ ಬರುವ ಕೂದಲು ಕೆಲವರಿಗೆ ಮೊದಮೊದಲು ಗುಂಗುರಾಗಿ, ಬೇರೆ ಬಣ್ಣದಲ್ಲಿಯೂ ಬರುತ್ತದೆ. ಒಂದು ವರ್ಷದೊಳಗೆ ಅದು ಹೆಚ್ಚಾಗಿ ಹಳೆಯ ರೂಪಕ್ಕೆ ತಿರುಗುತ್ತದೆ.